ಬ್ರಿಟನ್ನಿನಲ್ಲಿ ಜಿಪಿಯಿಂದ ತಿಂಗಳಿಗೆ ಸಾಲುವಷ್ಟು ಶುಗರ್ ಸ್ಟ್ರಿಪ್ ಬರೆಸಿಕೊಳ್ಳುವುದು ಹೇಗೆ

ಊರಲ್ಲಿ ಬೆರಳು ಚುಚ್ಚಿ ರಕ್ತದ ಶುಗರ್ ನೋಡುವ ಸ್ಟ್ರಿಪ್ ಮುಗಿದರೆ ಮೆಡಿಕಲ್ ಶಾಪಿಗೆ ಹೋಗಿ ದುಡ್ಡು ಕೊಟ್ಟು ತರುತ್ತೇವೆ. ದಿನಕ್ಕೆ ಎಷ್ಟು ಸಲ ಚುಚ್ಚಿಕೊಳ್ಳುತ್ತೀರಿ ಎಂದು ಅಂಗಡಿಯವರು ಕೇಳುವುದಿಲ್ಲ. ಬ್ರಿಟನ್ನಿನಲ್ಲಿ ಸ್ಟ್ರಿಪ್ ಎನ್‌ಎಚ್‌ಎಸ್ (ಸರಕಾರಿ ಆರೋಗ್ಯ ಸೇವೆ) ಪ್ರಿಸ್ಕ್ರಿಪ್ಷನ್ ಮೇಲೆ ಸಿಗುತ್ತದೆ, ಆದರೆ ಸರ್ಜರಿಯ, ಅಂದರೆ ನಿಮ್ಮ ಜಿಪಿ ಡಾಕ್ಟರ ಕ್ಲಿನಿಕ್ಕಿನ, ಕಂಪ್ಯೂಟರಿನಲ್ಲಿ ಎಷ್ಟು ಅಂತ ಇದೆಯೋ ಅಷ್ಟೇ. ಆ ಸಂಖ್ಯೆಯನ್ನು ಬಹಳ ಸಲ ಕಾಯಿಲೆ ಗೊತ್ತಾದ ವಾರದಲ್ಲಿ ಯಾರೋ ಹಾಕಿರುತ್ತಾರೆ. ಆಮೇಲೆ ಮಾತ್ರೆಯಿಂದ ಇನ್ಸುಲಿನ್ನಿಗೆ ಹೋಗಿರುತ್ತೀರಿ, ಕಾರು ಓಡಿಸಲು ಶುರು ಮಾಡಿರುತ್ತೀರಿ, ಸಂಖ್ಯೆ ಮಾತ್ರ ಅದೇ 50ರಲ್ಲಿ ನಿಂತಿರುತ್ತದೆ. ತಿಂಗಳ ಕೊನೆಯ ವಾರ ಸ್ಟ್ರಿಪ್ ಇಲ್ಲದೆ ಅಂದಾಜಿನ ಮೇಲೆ ಇನ್ಸುಲಿನ್ ಹಾಕಿಕೊಳ್ಳುವ ಪಾಡು ಯಾರಿಗೂ ಬರಬಾರದು. ಅದನ್ನು ತಪ್ಪಿಸಲು ದಾರಿ ಇದೆ. "ಸ್ವಲ್ಪ ಜಾಸ್ತಿ ಕೊಡಿ" ಎಂದು ಕೇಳಿದರೆ ಕೆಲಸ ಆಗುವುದಿಲ್ಲ. ದಿನಕ್ಕೆ ಎಷ್ಟು, ಯಾಕೆ, 28 ದಿನಕ್ಕೆ ಎಷ್ಟು ಎಂಬ ಲೆಕ್ಕ ಕೈಯಲ್ಲಿಟ್ಟುಕೊಂಡು ಕೇಳಿದರೆ ಬಹುಪಾಲು ಆಗುತ್ತದೆ.

ಇಲ್ಲಿ ಹೇಳುತ್ತಿರುವುದು ಮುಖ್ಯವಾಗಿ ಇಂಗ್ಲೆಂಡಿನ ವ್ಯವಸ್ಥೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಪ್ರಿಸ್ಕ್ರಿಪ್ಷನ್ನಿಗೆ ಯಾರಿಗೂ ಶುಲ್ಕ ಇಲ್ಲ, ದೂರು ಕೊಡುವ ಜಾಗ ಬೇರೆ. ಕೇಳುವ ರೀತಿ ಅದೇ.

ಮೊದಲು ಶುಲ್ಕದ ವಿಷಯ ಮುಗಿಸೋಣ

ಇಂಗ್ಲೆಂಡಿನಲ್ಲಿ ಪ್ರಿಸ್ಕ್ರಿಪ್ಷನ್ನಿನ ಪ್ರತಿ ಐಟಮಿಗೆ 9.90 ಪೌಂಡ್. ಶುಗರಿಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಇದರಿಂದ ಪೂರ್ತಿ ವಿನಾಯಿತಿ ಇದೆ. ಅದಕ್ಕೆ ಎಫ್‌ಪಿ92ಎ ಅರ್ಜಿ ಸರ್ಜರಿಯಿಂದಲೇ ಹೋಗಬೇಕು. ನೀವಾಗಿ ಆನ್‌ಲೈನಿನಲ್ಲಿ ಹಾಕಲು ಬರುವುದಿಲ್ಲ. ವಿನಾಯಿತಿ ಪತ್ರ ಸಾಮಾನ್ಯವಾಗಿ 5 ವರ್ಷ ನಡೆಯುತ್ತದೆ. ಪತ್ಯದಲ್ಲಷ್ಟೇ ಶುಗರ್ ಹಿಡಿತದಲ್ಲಿಟ್ಟುಕೊಂಡವರಿಗೆ ಇದು ಸಿಗುವುದಿಲ್ಲ. 60 ದಾಟಿದವರಿಗೆ, 16ರ ಒಳಗಿನ ಮಕ್ಕಳಿಗೆ ವಯಸ್ಸಿನ ಮೇಲೆಯೇ ವಿನಾಯಿತಿ. ವೀಸಾ ಮೇಲೆ ಬಂದು ಹೆಲ್ತ್ ಸರ್‌ಚಾರ್ಜ್ ಕಟ್ಟಿದವರಿಗೂ ಇದೇ ನಿಯಮ, ಆದರೆ ಸರ್‌ಚಾರ್ಜ್ ಕಟ್ಟಿದ್ದೇನೆ ಎಂಬುದೇ ವಿನಾಯಿತಿ ಅಲ್ಲ. ಪತ್ರದ ಅವಧಿ ಮುಗಿದದ್ದು ಗಮನಿಸದೆ ಫಾರ್ಮಸಿಯಲ್ಲಿ ವಿನಾಯಿತಿ ಇದೆ ಎಂದು ಗುರುತು ಹಾಕಿದರೆ ಮನೆಗೆ ದಂಡದ ಕಾಗದ ಬರುತ್ತದೆ, ಅದು 100 ಪೌಂಡ್ ತನಕ ಹೋಗುತ್ತದೆ. ಅವಧಿ ಮುಗಿಯುವ ತಾರೀಖನ್ನು ಫೋನಿನ ಕ್ಯಾಲೆಂಡರಿಗೆ ಹಾಕಿಬಿಡಿ.

ಮೀಟರನ್ನು ಪ್ರಿಸ್ಕ್ರಿಪ್ಷನ್ನಿನಲ್ಲಿ ಬರೆಯುವುದಿಲ್ಲ. ಅದನ್ನು ಡಯಾಬಿಟಿಸ್ ನರ್ಸ್, ಆಸ್ಪತ್ರೆಯ ಕ್ಲಿನಿಕ್ ಅಥವಾ ಫಾರ್ಮಸಿ ಉಚಿತವಾಗಿ ಕೊಡುತ್ತಾರೆ. ಬರೆಸಿಕೊಳ್ಳಬೇಕಾದ್ದು ಸ್ಟ್ರಿಪ್, ಬೆರಳು ಚುಚ್ಚುವ ಲ್ಯಾನ್ಸೆಟ್, ಸೂಜಿ ಹಾಕುವ ಹಳದಿ ಶಾರ್ಪ್ಸ್ ಬಿನ್. ಟೈಪ್ 1 (ಮೈ ಇನ್ಸುಲಿನ್ ತಯಾರಿಸದ ಬಗೆಯ ಮಧುಮೇಹ) ಇದ್ದರೆ ಕೀಟೋನ್ (ಇನ್ಸುಲಿನ್ ಸಾಲದಾಗ ರಕ್ತದಲ್ಲಿ ಸೇರುವ ಆಮ್ಲ) ನೋಡುವ ಸ್ಟ್ರಿಪ್ಪೂ ಸೇರಿಸಿ ಕೇಳಿ. ಊರಿಂದ ತಂದ ಮೀಟರನ್ನೇ ಮುಂದುವರಿಸೋಣ ಎಂದುಕೊಳ್ಳಬೇಡಿ. ಅದರ ಸ್ಟ್ರಿಪ್ ಇಲ್ಲಿ ಬರೆಯಲು ಸಿಗದಿರಬಹುದು. ಜೊತೆಗೆ ಅದು ಮಿಲಿಗ್ರಾಂನಲ್ಲಿ ತೋರಿಸುತ್ತದೆ, ಇಲ್ಲಿಯ ನರ್ಸು, ಡ್ರೈವಿಂಗ್ ಲೈಸೆನ್ಸಿನವರು ಎಲ್ಲರೂ ಮಾತಾಡುವುದು ಮಿಲಿಮೋಲ್‌ನಲ್ಲಿ. ಊರಿನ ಸಂಖ್ಯೆಯನ್ನು 18ರಿಂದ ಭಾಗಿಸಿದರೆ ಇಲ್ಲಿಯ ಸಂಖ್ಯೆ ಬರುತ್ತದೆ: 72 ಎಂದರೆ 4.0, 90 ಎಂದರೆ 5.0, 180 ಎಂದರೆ 10.0.

ನಿಮಗೆ ಎಷ್ಟರ ಹಕ್ಕಿದೆ

ಜಿಪಿಗಳು ನೋಡುವುದು ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಹೇಳುವ ನೈಸ್ ಸಂಸ್ಥೆಯ ಮಾರ್ಗಸೂಚಿಯನ್ನು. ಅದರಲ್ಲಿ ಏನಿದೆ ಎಂದು ನಿಮಗೂ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಟೈಪ್ 1 ಇರುವ ದೊಡ್ಡವರಿಗೆ ದಿನಕ್ಕೆ ಕನಿಷ್ಠ 4 ಸಲ: ಮೂರು ಊಟಕ್ಕೆ ಮುಂಚೆ ಮತ್ತು ಮಲಗುವ ಮುನ್ನ. ಕೆಲವು ಕಾರಣಗಳಿದ್ದರೆ 10 ಸಲದ ತನಕ ಹೋಗಬಹುದು. ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) ಗುರಿಗೆ ಬಂದಿಲ್ಲ, ಶುಗರ್ ಇಳಿಯುವುದು ಹೆಚ್ಚಾಗಿದೆ, ಕಾರು ಓಡಿಸುತ್ತೀರಿ, ಜ್ವರ ಅಥವಾ ವಾಂತಿ ಆಗಿದೆ, ಆಟ ವ್ಯಾಯಾಮ ಇದೆ, ಗರ್ಭಿಣಿ ಅಥವಾ ಆ ಯೋಚನೆಯಲ್ಲಿದ್ದೀರಿ, ಹಾಲೂಡಿಸುತ್ತಿದ್ದೀರಿ, ಶುಗರ್ ಇಳಿದದ್ದು ಮೈಗೆ ಗೊತ್ತಾಗುವುದಿಲ್ಲ, ಇವೆಲ್ಲ ಮಾರ್ಗಸೂಚಿಯಲ್ಲೇ ಬರೆದಿರುವ ಕಾರಣಗಳು. ದೂರದ ಡ್ರೈವಿಂಗ್ ಅಥವಾ ಅಪಾಯದ ಕೆಲಸ ಇರುವವರಿಗೆ 10ಕ್ಕಿಂತ ಹೆಚ್ಚಿಗೂ ಅವಕಾಶವಿದೆ. ಮಕ್ಕಳಿಗೆ ದಿನಕ್ಕೆ ಕನಿಷ್ಠ 5.

ಬಸುರಿನಲ್ಲಿ ಲೆಕ್ಕ ಬೇರೆ. ಪತ್ಯ ಅಥವಾ ಮಾತ್ರೆಯಲ್ಲಿರುವವರು ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಒಮ್ಮೆ, ಮೂರು ಊಟದ 1 ಗಂಟೆ ನಂತರ ಒಂದೊಂದು ಸಲ, ಒಟ್ಟು 4 ಸಲ ನೋಡಬೇಕು. ದಿನಕ್ಕೆ ಹಲವು ಸಲ ಇನ್ಸುಲಿನ್ ಹಾಕಿಕೊಳ್ಳುವವರು ಊಟಕ್ಕೆ ಮುಂಚೆಯೂ ಮಲಗುವ ಮುನ್ನವೂ ನೋಡಬೇಕಾದ್ದರಿಂದ 7 ಆಗುತ್ತದೆ. ಏಳೆಂಟು ಕಡೆ ಇಂಜೆಕ್ಷನ್, ತಪಾಸಣೆ ಎಂದು ಓಡಾಡುವ ಆ ತಿಂಗಳುಗಳಲ್ಲಿ ಸ್ಟ್ರಿಪ್ಪಿಗಾಗಿ ವಾರ ವಾರ ಸರ್ಜರಿಗೆ ಫೋನ್ ಮಾಡುವ ಹಾಗಾಗಬಾರದು. 7 ಸಲ ನೋಡುವವರು ಮೊದಲ ಸಲವೇ 28 ದಿನಕ್ಕೆ 4 ಬಾಕ್ಸ್ (50ರಂತೆ 200 ಸ್ಟ್ರಿಪ್) ಬರೆಸಿ.

ಟೈಪ್ 2ರಲ್ಲಿ ಜಗಳ ಆಗುವುದು ಹೆಚ್ಚು. ಇನ್ಸುಲಿನ್ ಹಾಕಿಕೊಳ್ಳುವವರಿಗೆ, ಶುಗರ್ ಇಳಿದ ಉದಾಹರಣೆ ಇರುವವರಿಗೆ, ಗರ್ಭಿಣಿಯರಿಗೆ, ಮತ್ತು ಶುಗರ್ ಇಳಿಸಬಲ್ಲ ಮಾತ್ರೆ ತಿಂದು ಕಾರು ಅಥವಾ ಯಂತ್ರ ನಡೆಸುವವರಿಗೆ ಕೊಡಬೇಕು ಎನ್ನುತ್ತದೆ ನೈಸ್. ಉಳಿದವರಿಗೆ ಮಾಮೂಲಾಗಿ ಕೊಡಬೇಡಿ ಎನ್ನುತ್ತದೆ. ಇಲ್ಲಿ ಮಾತ್ರೆಯ ಹೆಸರು ಮುಖ್ಯ. ಗ್ಲಿಕ್ಲಾಜೈಡ್, ಗ್ಲಿಮಿಪಿರೈಡ್ ಶುಗರನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲವು. ಮೆಟ್‌ಫಾರ್ಮಿನ್ ಒಂದರಿಂದಲೇ ಹಾಗಾಗುವುದು ತೀರ ಅಪರೂಪ. ಮೆಟ್‌ಫಾರ್ಮಿನ್ ಮಾತ್ರ ತಿನ್ನುವವರಿಗೆ ಜಿಪಿ ಇಲ್ಲ ಎಂದರೆ ಅದು ನಿಯಮದ ಪ್ರಕಾರವೇ, ಅದಕ್ಕೆ ವಾದಿಸಿ ಉಪಯೋಗವಿಲ್ಲ. ಆದರೆ ಎರಡು ಸಂದರ್ಭದಲ್ಲಿ ಅವರೂ ಸ್ವಲ್ಪ ಕಾಲಕ್ಕೆ ಕೇಳಬಹುದು: ಉಬ್ಬಸಕ್ಕೋ ಕೀಲುನೋವಿಗೋ ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್ ಶುರುವಾದಾಗ, ಮತ್ತು ಬೆವರು, ನಡುಕ ಬಂದು ಶುಗರ್ ಇಳಿದಿರಬಹುದೆಂಬ ಅನುಮಾನ ಇದ್ದಾಗ. ಆಗ ರಿಪೀಟ್ (ಪ್ರತಿ ತಿಂಗಳು ಮತ್ತೆ ಮತ್ತೆ ಸಿಗುವ ಪ್ರಿಸ್ಕ್ರಿಪ್ಷನ್) ಬೇಡ, ಒಂದು ಸಲದ ಪ್ರಿಸ್ಕ್ರಿಪ್ಷನ್ ಕೊಡಿ ಎಂದರೆ ಸುಲಭವಾಗಿ ಒಪ್ಪುತ್ತಾರೆ.

ಚರ್ಮಕ್ಕೆ ಅಂಟಿಕೊಂಡು ಶುಗರನ್ನು ತಾನೇ ಅಳೆಯುತ್ತಿರುವ ಸೆನ್ಸರ್ ಹಾಕಿಕೊಂಡವರ ಸ್ಟ್ರಿಪ್ಪನ್ನು ಪೂರ್ತಿ ನಿಲ್ಲಿಸಿಬಿಡುವುದು ಈಗೀಗ ಹೆಚ್ಚಾಗಿ ಕೇಳಿಬರುವ ತೊಂದರೆ. ಇದು ಸರಿಯಲ್ಲ. ಸೆನ್ಸರ್ ಇದ್ದರೂ ಅದರ ನಿಖರತೆ ನೋಡಲು, ಶುಗರ್ ವೇಗವಾಗಿ ಏರಿಳಿಯುವಾಗ, ಉಪಕರಣ ಕೈಕೊಟ್ಟಾಗ ಬೆರಳು ಚುಚ್ಚಲೇಬೇಕು, ಅದಕ್ಕೆ ಬೇಕಾದಷ್ಟು ಸ್ಟ್ರಿಪ್ ಕೊಡಬೇಕು ಎಂದು ಟೈಪ್ 1ರ ಮಾರ್ಗಸೂಚಿಯೇ ಹೇಳುತ್ತದೆ. ಸೆನ್ಸರ್ ಚರ್ಮದಡಿಯ ದ್ರವವನ್ನು ಅಳೆಯುವುದರಿಂದ ರಕ್ತದ ಶುಗರ್ ಸರಸರ ಇಳಿಯುವಾಗ ಅದು ಹಲವು ನಿಮಿಷ ಹಿಂದೆ ಉಳಿಯುತ್ತದೆ. ಹೊಸದಾಗಿ ಅಂಟಿಸಿದ ಮೊದಲ ದಿನ ತಪ್ಪು ತೋರಿಸುವುದುಂಟು. ಅದರ ಮೇಲೆ ಮಗ್ಗುಲಾಗಿ ಮಲಗಿದರೆ ಇಲ್ಲದ ಇಳಿತ ತೋರಿಸಿ ರಾತ್ರಿ ಎಬ್ಬಿಸುತ್ತದೆ. ಇಂಥವರು ದಿನಕ್ಕೆ ಒಂದೆರಡರ ಲೆಕ್ಕದಲ್ಲಿ 28 ದಿನಕ್ಕೆ 1 ಬಾಕ್ಸ್ ಇಟ್ಟುಕೊಳ್ಳಲೇಬೇಕು.

ಡ್ರೈವಿಂಗ್: ನಿಮ್ಮ ಕೈಯಲ್ಲಿರುವ ಗಟ್ಟಿ ಕಾರಣ

ಇನ್ಸುಲಿನ್ ಹಾಕಿಕೊಂಡು ಕಾರು ಓಡಿಸುವವರು ಡ್ರೈವಿಂಗ್ ಲೈಸೆನ್ಸ್ ಕೊಡುವ ಡಿವಿಎಲ್‌ಎಗೆ ತಿಳಿಸಿರಬೇಕು. ಹೊರಡುವ ಮುಂಚಿನ 2 ಗಂಟೆಯೊಳಗೆ ಒಮ್ಮೆ ಶುಗರ್ ನೋಡಬೇಕು, ಓಡಿಸುತ್ತಿರುವಷ್ಟು ಹೊತ್ತು ಪ್ರತಿ 2 ಗಂಟೆಗೊಮ್ಮೆ ನೋಡಬೇಕು. 5.0 ಅಥವಾ ಕೆಳಗಿದ್ದರೆ ಏನಾದರೂ ತಿನ್ನಬೇಕು. 4.0 ಅಥವಾ ಕೆಳಗಿದ್ದರೆ, ಇಲ್ಲವೇ ಮೈಗೆ ಇಳಿದ ಹಾಗೆ ಅನ್ನಿಸಿದರೆ ಓಡಿಸಬಾರದು. ಸಕ್ಕರೆ ತಿಂದು ಶುಗರ್ ಮತ್ತೆ 5.0ಕ್ಕೆ ಬಂದ ಮೇಲೂ 45 ನಿಮಿಷ ಕಾಯಬೇಕು. ಕಾರಿನವರು ಇದಕ್ಕೆ ಸೆನ್ಸರ್ ಬಳಸಬಹುದು. ಆದರೆ ಮೀಟರ್, ಸ್ಟ್ರಿಪ್ ಕಾರಿನಲ್ಲಿ ಜೊತೆಗಿರಲೇಬೇಕು. ಸೆನ್ಸರ್ 4.0 ಅಥವಾ ಕಡಿಮೆ ತೋರಿಸಿದರೆ, ಅದು ತೋರಿಸಿದ್ದಕ್ಕೂ ಮೈಗೆ ಅನ್ನಿಸಿದ್ದಕ್ಕೂ ತಾಳೆಯಾಗದಿದ್ದರೆ ಬೆರಳು ಚುಚ್ಚಿಯೇ ಖಚಿತಪಡಿಸಿಕೊಳ್ಳಬೇಕು.

ಲಂಡನ್ನಿನಿಂದ ಎಡಿನ್‌ಬರೋಗೆ ಕಾರಿನಲ್ಲಿ ಹೋದರೆ ಏಳೆಂಟು ಗಂಟೆ. ಹೊರಡುವಾಗ ಒಂದು, ದಾರಿಯಲ್ಲಿ ಮೂರು, ಬರುವಾಗ ಮತ್ತೆ ಅಷ್ಟೇ, ಒಂದು ವಾರಾಂತ್ಯಕ್ಕೆ 8 ಸ್ಟ್ರಿಪ್. ಇದು ಕಾನೂನಿನ ವಿಷಯವಾದ್ದರಿಂದ ಡ್ರೈವಿಂಗಿಗೆ ಬೇಕು ಎಂದು ಬರೆದ ಕೋರಿಕೆಯನ್ನು ತಳ್ಳಿಹಾಕುವುದು ಯಾವ ಜಿಪಿಗೂ ಕಷ್ಟ.

ಲೆಕ್ಕ ಹಾಕುವ ಬಗೆ

ಸೆನ್ಸರ್ ಇಲ್ಲದ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಹಾಕಿಕೊಳ್ಳುವ, ಕಾರಿನಲ್ಲಿ ಆಫೀಸಿಗೆ ಹೋಗುವ ಒಬ್ಬರ ಲೆಕ್ಕ ನೋಡಿ. ಊಟಕ್ಕೆ ಮುಂಚೆ ಮತ್ತು ಮಲಗುವಾಗ 4 ಸಲ, 28 ದಿನಕ್ಕೆ 112. ಬೆಳಗ್ಗೆ ತಿಂಡಿಗೆ ಮುಂಚೆ ನೋಡಿದ್ದು ಎರಡು ಗಂಟೆಯೊಳಗೇ ಹೊರಡುವುದರಿಂದ ಡ್ರೈವಿಂಗಿಗೂ ಆಗುತ್ತದೆ, ಅದನ್ನು ಎರಡು ಸಲ ಎಣಿಸಬಾರದು. ಸಂಜೆ ಆಫೀಸಿನಿಂದ ಹೊರಡುವಾಗ ಒಂದು, 20 ಕೆಲಸದ ದಿನಕ್ಕೆ 20. ವಾರಕ್ಕೆ ಎರಡು ದಿನ ಬ್ಯಾಡ್ಮಿಂಟನ್, ಮುಂಚೆ ಒಂದು ನಂತರ ಒಂದು, 16. ವಾರಕ್ಕೆರಡು ಸಲ ಶುಗರ್ ಇಳಿಯುತ್ತದೆ, ಗೊತ್ತಾದಾಗ ಒಂದು ಮತ್ತು ಸಕ್ಕರೆ ತಿಂದು 15 ನಿಮಿಷದ ಮೇಲೆ ಒಂದು, 16. ಇಲ್ಲಿಗೆ 164. ರಕ್ತ ಸಾಲದೆ ಎರರ್ ಬಂದು ಹಾಳಾಗುವ ಸ್ಟ್ರಿಪ್‌ಗಳಿಗೆ ನೂರಕ್ಕೆ ಐದರಂತೆ 8. ಒಟ್ಟು 172. ಬಾಕ್ಸಿಗೆ 50 ಬರುವುದರಿಂದ 4 ಬಾಕ್ಸ್, ಅಂದರೆ 200. ಉಳಿಯುವ 28 ಜ್ವರ ಬಂದ ದಿನಗಳಿಗೆ. ಆಗ ಎರಡು ಮೂರು ಗಂಟೆಗೊಮ್ಮೆ ನೋಡಬೇಕಾಗುತ್ತದೆ, ಒಂದು ಕಾಯಿಲೆಗೆ ಇಷ್ಟು ಸರಿಹೋಗುತ್ತದೆ.

ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸ ಮಾಡುವವರು ಅದನ್ನೂ ಸೇರಿಸಬೇಕು. ಇನ್ಸುಲಿನ್ ಅಥವಾ ಗ್ಲಿಕ್ಲಾಜೈಡ್ ಮೇಲಿದ್ದು ಊಟ ಬಿಟ್ಟರೆ ಶುಗರ್ ಇಳಿಯುವ ಅಪಾಯ ಇದ್ದೇ ಇದೆ. ನಮ್ಮವರು ಇದನ್ನು ನರ್ಸಿಗೆ ಹೇಳಲು ಸಂಕೋಚಪಡುತ್ತಾರೆ, ಬಿಡು ಎಂದುಬಿಟ್ಟರೆ ಎಂಬ ಹೆದರಿಕೆ. ಹೇಳಿ. ಡೋಸ್ ಬದಲಿಸುವುದು ಹೇಗೆಂದು ತಿಳಿಯುತ್ತದೆ, ಸ್ಟ್ರಿಪ್ಪಿಗೂ ಕಾರಣ ಸಿಗುತ್ತದೆ.

ಲೆಕ್ಕಕ್ಕೆ ಆಧಾರ ಬೇಕು. ಎರಡು ವಾರ ಪ್ರತಿ ರೀಡಿಂಗ್ ಪಕ್ಕ ಯಾಕೆ ನೋಡಿದಿರಿ, ನೋಡಿ ಏನು ಮಾಡಿದಿರಿ ಎಂದು ಎರಡು ಪದ ಬರೆಯಿರಿ: "4.3, ಕಾರಿಗೆ ಮುಂಚೆ, ಬಾಳೆಹಣ್ಣು ತಿಂದೆ", "13.8, ಬಿಸಿಬೇಳೆ ಬಾತ್ ನಂತರ, 2 ಯೂನಿಟ್ ಹೆಚ್ಚು". ನೋಡಿದ್ದರಿಂದ ಚಿಕಿತ್ಸೆ ಬದಲಾಯಿತು ಎಂದು ತೋರಿಸುವ ಇಂಥ ಸಾಲುಗಳಿಗೆ ಬರೀ ಸಂಖ್ಯೆಗಳ ಪಟ್ಟಿಗಿಂತ ಹೆಚ್ಚು ಬೆಲೆ. ಅನುಮಾನದಿಂದ ನೋಡುವ ಜಿಪಿ ಕೇಳುವ ಮೊದಲ ಪ್ರಶ್ನೆಯೇ "ನೋಡಿ ಏನು ಮಾಡುತ್ತೀರಿ" ಎಂಬುದು.

ಯಾರನ್ನು, ಹೇಗೆ ಕೇಳುವುದು

ರಿಸೆಪ್ಷನಿಸ್ಟಿಗೆ ಪ್ರಮಾಣ ಬದಲಿಸುವ ಅಧಿಕಾರ ಇಲ್ಲ. ಫೋನಿನಲ್ಲಿ ಅವರ ಹತ್ತಿರ ವಾದಿಸಿದರೆ ಇಬ್ಬರಿಗೂ ಬೇಸರವಷ್ಟೇ. ಸರ್ಜರಿಯ ಡಯಾಬಿಟಿಸ್ ನರ್ಸ್ ಅಥವಾ ಕ್ಲಿನಿಕಲ್ ಫಾರ್ಮಸಿಸ್ಟ್ ಜೊತೆ ಅಪಾಯಿಂಟ್‌ಮೆಂಟ್ ಕೇಳಿ. ಬಹಳ ಸರ್ಜರಿಗಳಲ್ಲಿ ರಿಪೀಟ್ ಪಟ್ಟಿಯನ್ನು ತಿದ್ದುವವರು ಈ ಫಾರ್ಮಸಿಸ್ಟರೇ. ಆಸ್ಪತ್ರೆಯ ಡಯಾಬಿಟಿಸ್ ತಂಡಕ್ಕೆ ಹೋಗುವವರಾದರೆ ಇನ್ನೂ ಒಳ್ಳೆಯದು: ಜಿಪಿಗೆ ಬರೆಯುವ ಪತ್ರದಲ್ಲಿ ಸ್ಟ್ರಿಪ್ಪಿನ ಹೆಸರು, 28 ದಿನಕ್ಕೆ ಎಷ್ಟು ಎಂದು ಅಂಕಿಯಲ್ಲೇ ಬರೆಯಲು ಹೇಳಿ, ಒಂದು ಪ್ರತಿ ನೀವೂ ಇಸಿದುಕೊಳ್ಳಿ. "ಅಗತ್ಯವಿರುವಷ್ಟು ಕೊಡಿ" ಎಂದಿದ್ದರೆ ಸರ್ಜರಿಯಲ್ಲಿ ಅದು ಮತ್ತೆ 50 ಆಗುತ್ತದೆ.

ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯಬೇಕಾದರೆ ಸರ್ಜರಿಯ ಆನ್‌ಲೈನ್ ಫಾರ್ಮಿನಲ್ಲಿ ಇಷ್ಟನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿ:

"ನನಗೆ ಟೈಪ್ 1 ಡಯಾಬಿಟಿಸ್ ಇದೆ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್. ಈಗ ರಿಪೀಟ್‌ನಲ್ಲಿ 28 ದಿನಕ್ಕೆ 100 ಸ್ಟ್ರಿಪ್ ಇದೆ, ನನಗೆ 200 ಬೇಕು. ಕಾರಣ: ಊಟ ಮತ್ತು ಮಲಗುವ ಮುಂಚೆ 112, ಡಿವಿಎಲ್‌ಎ ನಿಯಮದಂತೆ ಡ್ರೈವಿಂಗಿಗೆ 20, ವ್ಯಾಯಾಮಕ್ಕೆ 16, ಶುಗರ್ ಇಳಿದಾಗ 16, ಹಾಳಾಗುವವು 8, ಉಳಿದದ್ದು ಕಾಯಿಲೆಯ ದಿನಗಳಿಗೆ. ಇದು ನೈಸ್‌ನ ಎನ್‌ಜಿ17 ಮಾರ್ಗಸೂಚಿಗೆ ಒಳಪಟ್ಟಿದೆ. ಎರಡು ವಾರದ ರೀಡಿಂಗ್ ಲಗತ್ತಿಸಿದ್ದೇನೆ. ಒಪ್ಪದಿದ್ದರೆ ಕಾರಣವನ್ನು ಬರಹದಲ್ಲಿ ತಿಳಿಸಿ."

ಟೈಪ್ 2ರವರು ಎನ್‌ಜಿ17 ಬದಲು ಎನ್‌ಜಿ28 ಎಂದು, ಗರ್ಭಿಣಿಯರು ಎನ್‌ಜಿ3 ಎಂದು ಹಾಕಬೇಕು. ಕೊನೆಯ ವಾಕ್ಯವನ್ನು ಬಿಡಬೇಡಿ. ಬಾಯಲ್ಲಿ ಇಲ್ಲ ಎನ್ನುವುದು ಸುಲಭ. ಬರಹದಲ್ಲಿ ಕಾರಣ ಕೊಡಬೇಕಾದಾಗ ಯಾರಾದರೂ ಫೈಲ್ ತೆಗೆದು ನೋಡುತ್ತಾರೆ.

ಎಲ್ಲಿ ಎಡವಟ್ಟಾಗುತ್ತದೆ

ಎನ್‌ಎಚ್‌ಎಸ್ ಆ್ಯಪ್‌ನಲ್ಲಿ ನಿಮ್ಮ ರಿಪೀಟ್ ಪಟ್ಟಿ ತೆರೆದು ಸ್ಟ್ರಿಪ್ಪಿನ ಹೆಸರಿನ ಮುಂದಿರುವ ಅಂಕಿಯನ್ನು ನೋಡಿ. "50 ಸ್ಟ್ರಿಪ್" ಎಂದರೆ ಒಂದೇ ಬಾಕ್ಸ್. ನಾಲ್ಕು ಬಾಕ್ಸ್ ಬೇಕಾದರೆ ಅಲ್ಲಿ 200 ಇರಬೇಕು. ನರ್ಸ್ ಒಪ್ಪಿದರೂ ಈ ಅಂಕಿ ಬದಲಾಗದೆ ಉಳಿಯುವುದು ತುಂಬ ಸಾಮಾನ್ಯ. ಅಪಾಯಿಂಟ್‌ಮೆಂಟ್ ಮುಗಿದ ಎರಡು ದಿನಕ್ಕೆ ಆ್ಯಪ್ ನೋಡಿ, ಬದಲಾಗದಿದ್ದರೆ ಒಂದು ಸಾಲು ಬರೆದು ನೆನಪಿಸಿ. ಸ್ಟ್ರಿಪ್ ಜಾಸ್ತಿ ಆದ ಮೇಲೆ ಲ್ಯಾನ್ಸೆಟ್ಟಿನ ಅಂಕಿಯೂ ಅದಕ್ಕೆ ಹೊಂದಬೇಕು.

ಇನ್ನೊಂದು, 28 ದಿನದ ಅಳತೆಯ ಔಷಧಿಯನ್ನು 20ನೇ ದಿನ ಕೇಳಿದರೆ ಕಂಪ್ಯೂಟರ್ "ಅತಿಬಳಕೆ" ಎಂದು ತೋರಿಸುತ್ತದೆ. ಪದೇ ಪದೇ ಹಾಗಾದರೆ ನಿಮ್ಮ ಬಗ್ಗೆ ತಪ್ಪು ಅಭಿಪ್ರಾಯ ಬೆಳೆಯುತ್ತದೆ. ಬೇಗ ಬೇಗ ಕೇಳಿ ಹೊಂದಿಸಿಕೊಳ್ಳುವುದಕ್ಕಿಂತ ಅಂಕಿಯನ್ನೇ ಸರಿಪಡಿಸಿಕೊಳ್ಳುವುದು ಒಳ್ಳೆಯದು. ಊರಿಗೆ ಹೋಗುವಾಗ ಒಂದು ತಿಂಗಳು ಮುಂಚೆಯೇ ಪ್ರಯಾಣದ ತಾರೀಖು ಹಾಕಿ ಹೆಚ್ಚುವರಿ ಕೇಳಿ. ಹೆಸರು ಒಂದೇ ಇದ್ದರೂ ಬೆಂಗಳೂರಿನಲ್ಲಿ ಸಿಗುವ ಮಾದರಿ ಇಲ್ಲಿಯ ಮೀಟರಿಗೆ ಹೊಂದದಿರಬಹುದು, ಅಲ್ಲಿ ಕೊಳ್ಳೋಣ ಎಂದು ನೆಚ್ಚಬೇಡಿ. ಸ್ಟ್ರಿಪ್ ಕೈಚೀಲದಲ್ಲಿರಲಿ, ವಿಮಾನದ ಲಗೇಜಿನ ಚಳಿ ಅದಕ್ಕೆ ಆಗದು.

ಅಗ್ಗದ ಬೇರೆ ಕಂಪನಿಯ ಸ್ಟ್ರಿಪ್ಪಿಗೆ ಬದಲಾಯಿಸುತ್ತೇವೆ ಎಂಬ ಕಾಗದವೂ ಬರುತ್ತದೆ. ಎನ್‌ಎಚ್‌ಎಸ್ ಇಂಗ್ಲೆಂಡ್ 2023ರಲ್ಲಿ ಮೀಟರುಗಳನ್ನು ಪರೀಕ್ಷಿಸಿ ಶಿಫಾರಸು ಪಟ್ಟಿ ಹೊರಡಿಸಿದ ಮೇಲೆ ಇದು ಹೆಚ್ಚಾಗಿದೆ. ನಮ್ಮ ಸಲಹೆ: ಕಂಪನಿಯ ಹೆಸರಿಗಾಗಿ ಹಟ ಹಿಡಿಯಬೇಡಿ, ಸಂಖ್ಯೆಗಾಗಿ ಹಿಡಿಯಿರಿ. ಇನ್ಸುಲಿನ್ ಪಂಪಿನ ಜೊತೆ ಮಾತಾಡುವ ಮೀಟರ್, ಡೋಸ್ ಲೆಕ್ಕ ಹಾಕಿಕೊಡುವ ಮೀಟರ್, ಕಣ್ಣು ಮಂಜಾದವರ ಮಾತಾಡುವ ಮೀಟರ್, ಕೀಟೋನನ್ನೂ ಅಳೆಯುವ ಮೀಟರ್, ಇವು ಬದಲಿಸದಿರಲು ನ್ಯಾಯವಾದ ಕಾರಣ. ಇಂಥ ಮೀಟರ್ ಇಲ್ಲದವರು ಒಪ್ಪಿಕೊಂಡು, ಹೊಸ ಮೀಟರ್ ಕೈಗೆ ಬರುವವರೆಗೆ ಹಳೆಯ ಸ್ಟ್ರಿಪ್ ನಿಲ್ಲಿಸಬೇಡಿ ಎಂದಷ್ಟೇ ಹೇಳಿ.

ಸಿಕ್ಕ ಸ್ಟ್ರಿಪ್ ಹಾಳಾಗದಂತೆ ನೋಡಿಕೊಂಡರೆ ತಿಂಗಳಿಗೆ ಒಂದಷ್ಟು ಉಳಿಯುತ್ತವೆ. ಕೈಯನ್ನು ಬೆಚ್ಚಗಿನ ನೀರು, ಸೋಪಿನಲ್ಲಿ ತೊಳೆದು ಚೆನ್ನಾಗಿ ಒರೆಸಿ. ಮಾವು, ಬಾಳೆಹಣ್ಣು ಸುಲಿದ ಬೆರಳಲ್ಲಿ ನೋಡಿದರೆ ಇಲ್ಲದ ಶುಗರ್ ತೋರಿಸುತ್ತದೆ, ಮತ್ತೊಂದು ಸ್ಟ್ರಿಪ್ ಖರ್ಚು. ಚಳಿಗಾಲದಲ್ಲಿ ಕೈ ಬೆಚ್ಚಗಾಗಿಸಿ, ತೋಳು ಕೆಳಗೆ ಬಿಟ್ಟು, ಬೆರಳ ತುದಿಯ ಪಕ್ಕದಲ್ಲಿ ಚುಚ್ಚಿ. ಹನಿ ಸಾಕಷ್ಟು ಮೂಡಿದ ಮೇಲೆ ಸ್ಟ್ರಿಪ್ ತಾಗಿಸಿ. ಡಬ್ಬಿಯ ಮುಚ್ಚಳ ಕೂಡಲೇ ಮುಚ್ಚಿ, ತೇವ ತಾಗಿದರೆ ಉಳಿದವೂ ಕೆಡುತ್ತವೆ. ಡಬ್ಬಿ ತೆಗೆದ ತಾರೀಖನ್ನು ಪೆನ್ನಿನಲ್ಲಿ ಅದರ ಮೇಲೇ ಬರೆಯಿರಿ, ಕೆಲವನ್ನು ತೆಗೆದ ಮೂರು ತಿಂಗಳಲ್ಲೇ ಮುಗಿಸಬೇಕು. ಮೀಟರುಗಳಿಗೆ ಶೇಕಡ 15ರಷ್ಟು ಆಚೀಚೆ ಅನುಮತಿ ಇದೆ, ಆದ್ದರಿಂದ 8.2 ಬಂದದ್ದನ್ನು ನಂಬದೆ ಮತ್ತೆ ನೋಡಿ 7.6 ಬಂದರೆ ಎರಡೂ ಸರಿಯೇ.

ಇಲ್ಲ ಎಂದೇ ಅಂದರೆ

ಮೊದಲು ಪ್ರಾಕ್ಟೀಸ್ ಮ್ಯಾನೇಜರಿಗೆ ಬರಹದಲ್ಲಿ ದೂರು ಕೊಡಿ, ಲೆಕ್ಕ ಮತ್ತು ನಿರಾಕರಣೆಯ ಪ್ರತಿ ಲಗತ್ತಿಸಿ. ಸರ್ಜರಿಗೆ ಕೊಡಲು ಇಷ್ಟವಿಲ್ಲದಿದ್ದರೆ ನಿಮ್ಮ ಪ್ರದೇಶದ ಎನ್‌ಎಚ್‌ಎಸ್ ಸೇವೆಯನ್ನು ನೋಡಿಕೊಳ್ಳುವ ಇಂಟಿಗ್ರೇಟೆಡ್ ಕೇರ್ ಬೋರ್ಡಿಗೆ ಕೊಡಬಹುದು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ, ಘಟನೆ ನಡೆದ 12 ತಿಂಗಳೊಳಗೆ. ಆ ಉತ್ತರವೂ ಒಪ್ಪಿಗೆಯಾಗದಿದ್ದರೆ ಪಾರ್ಲಿಮೆಂಟರಿ ಅಂಡ್ ಹೆಲ್ತ್ ಸರ್ವಿಸ್ ಓಂಬುಡ್ಸ್‌ಮನ್. ಡಯಾಬಿಟಿಸ್ ಯುಕೆ ಸಂಸ್ಥೆಯ ಹೆಲ್ಪ್‌ಲೈನಿಗೆ ಫೋನ್ ಮಾಡಿದರೆ ಪತ್ರ ಹೇಗೆ ಬರೆಯಬೇಕೆಂದು ಹೇಳಿಕೊಡುತ್ತಾರೆ. ಬಹುಪಾಲು ವಿಷಯ ಪ್ರಾಕ್ಟೀಸ್ ಮ್ಯಾನೇಜರ್ ಹಂತದಲ್ಲೇ ಮುಗಿಯುತ್ತದೆ.

ಈ ನಡುವೆ ಸ್ಟ್ರಿಪ್ ಮುಗಿದರೆ ಎನ್‌ಎಚ್‌ಎಸ್‌ನ ಸಹಾಯವಾಣಿ 111 ಮೂಲಕ ತುರ್ತು ಪ್ರಿಸ್ಕ್ರಿಪ್ಷನ್ ಕೇಳಬಹುದು. ಫಾರ್ಮಸಿಯಲ್ಲಿ ದುಡ್ಡು ಕೊಟ್ಟೂ ಸಿಗುತ್ತದೆ. ಮಧುಮೇಹ ಇದೆ ಎಂಬ ಘೋಷಣೆಗೆ ಸಹಿ ಹಾಕಿದರೆ ವ್ಯಾಟ್ ಹಿಡಿಯದ ಅಂಗಡಿಗಳಿವೆ. ಆನ್‌ಲೈನಿನಲ್ಲಿ ಖಾಸಗಿಯವರು ಮಾರುವ, ಸೀಲ್ ಒಡೆದ ಅಥವಾ ಅವಧಿ ಮುಗಿಯುತ್ತ ಬಂದ ಡಬ್ಬಿಗಳನ್ನು ಮಾತ್ರ ಕೊಳ್ಳಬೇಡಿ. ಊರಿಂದ ನೋಡಲು ಬರುವ ಅಪ್ಪ ಅಮ್ಮನಿಗೆ ಶುಗರ್ ಇದ್ದರೆ ಇಲ್ಲಿ ಬರೆಸಿಕೊಳ್ಳೋಣ ಎಂದು ಕಾಯಬೇಡಿ: ಇರುವ ದಿನಗಳಿಗೆ ಬೇಕಾದಷ್ಟು ಸ್ಟ್ರಿಪ್, ಮೀಟರಿನ ಒಂದು ಹೆಚ್ಚಿನ ಬ್ಯಾಟರಿ, ಡಾಕ್ಟರ ಚೀಟಿ ಅವರ ಕೈಚೀಲದಲ್ಲಿರಲಿ.

ಹೊಸ ಅಂಕಿಯ ಮೊದಲ ಪ್ರಿಸ್ಕ್ರಿಪ್ಷನ್ ಬಂದ ದಿನ ಫಾರ್ಮಸಿಯ ಕೌಂಟರಿನಲ್ಲೇ ಚೀಲ ತೆಗೆದು ನೋಡಿ: ಬಾಕ್ಸ್ ಎಷ್ಟು, ನಿಮ್ಮ ಮೀಟರಿನದ್ದೇನಾ, ಅವಧಿ ಯಾವಾಗ ಮುಗಿಯುತ್ತದೆ. ಸ್ಟಾಕ್ ಇಲ್ಲದೆ ಎರಡೇ ಕೊಟ್ಟಿದ್ದರೆ ಉಳಿದ ಬಾಕ್ಸುಗಳಿಗೆ ಬಾಕಿ ಚೀಟಿ ಬರೆಸಿಕೊಂಡು ಹೊರಡಿ.